ಕಾವೇರಿ ಎಂಜಿನ್: ತೇಜಸ್‌ಗಾಗಿ ಹುಟ್ಟಿ ತೇಜಸ್‌ಗೆ ಒದಗದೆ ಹೋದ ಯಂತ್ರದ ವಿಮರ್ಶೆ

ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆ, ಅಂದರೆ ಎಲ್ಲರೂ ಜಿಟಿಆರ್‌ಇ ಎಂದು ಕರೆಯುವ ಪ್ರಯೋಗಾಲಯ, ತೇಜಸ್ ಹಗುರ ಯುದ್ಧವಿಮಾನಕ್ಕಾಗಿ ತಾನು ರೂಪಿಸಿದ ಎಂಜಿನ್‌ಗೆ ಕಾವೇರಿ ಎಂದೂ ಅದರ ಒಳತಿರುಳಿಗೆ ಕಬಿನಿ ಎಂದೂ ಹೆಸರಿಟ್ಟಿತು. ಕಬಿನಿ ಹರಿದು ಕಾವೇರಿಯನ್ನು ಸೇರುವಂತೆ, ಗಾಳಿಯನ್ನು ಒತ್ತಿ ಕಳಿಸುವ ಅಧಿಕ ಒತ್ತಡದ ಕಂಪ್ರೆಸರ್, ಇಂಧನ ಉರಿಯುವ ದಹನಕೋಷ್ಠ ಮತ್ತು ಬಿಸಿ ಅನಿಲದಿಂದ ತಿರುಗುವ ಟರ್ಬೈನ್ ಸೇರಿದ ಆ ತಿರುಳಿನಿಂದಲೇ ಇಡೀ ಎಂಜಿನ್‌ನ ಬಲ ಹೊಮ್ಮುತ್ತದೆ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಈ ಎಂಜಿನ್‌ನ ಮುಂದೆ ಬಹಳ ಹೊತ್ತು ನಿಂತು ಅದರ ಕೊಳವೆಗಳ ಜೋಡಣೆಯನ್ನು ನೋಡಿದವನು ನಾನು. ಅಂದಿನಿಂದಲೂ, ಇದನ್ನು ಹೆಮ್ಮೆಯ ಅಥವಾ ನಿರಾಶೆಯ ವಸ್ತುವಾಗಿ ನೋಡದೆ, ಒಂದು ಯಂತ್ರವಾಗಿ ತೂಗಿ ನೋಡಬೇಕೆಂಬ ಆಸೆ ನನ್ನಲ್ಲಿತ್ತು.

ರಚನೆಯ ಮಟ್ಟಿಗೆ ಕಾವೇರಿ ತನ್ನ ಕಾಲಕ್ಕೆ ಹಿಂದುಳಿದದ್ದಲ್ಲ. ಒಂದರೊಳಗೊಂದು ತಿರುಗುವ ಎರಡು ದಂಡಗಳು, ಮೂರು ಹಂತದ ಫ್ಯಾನ್, ಆರು ಹಂತದ ಅಧಿಕ ಒತ್ತಡದ ಕಂಪ್ರೆಸರ್, ಬಳೆಯಾಕಾರದ ದಹನಕೋಷ್ಠ, ಅಧಿಕ ಮತ್ತು ಕಡಿಮೆ ಒತ್ತಡದ ಒಂದೊಂದು ಹಂತದ ಟರ್ಬೈನ್, ಕೊನೆಯಲ್ಲಿ ಹೊರಬೀಳುವ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸಿ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಮತ್ತು ಇವೆಲ್ಲವನ್ನೂ ಆಳುವ ಡಿಜಿಟಲ್ ನಿಯಂತ್ರಣ ವ್ಯವಸ್ಥೆ ಇದರಲ್ಲಿವೆ. ಸಮುದ್ರಮಟ್ಟದಿಂದ 3,200 ಮೀಟರ್‌ಗೂ ಎತ್ತರದಲ್ಲಿರುವ ಲೇಹ್‌ನಂಥ ನೆಲೆಗಳಲ್ಲಿ ಗಾಳಿ ತೆಳುವಾಗಿರುತ್ತದೆ; ರಾಜಸ್ಥಾನದ ಬೇಸಿಗೆಯಲ್ಲಿಯೂ ಬಿಸಿಗೆ ಗಾಳಿ ಹಗುರಾಗುತ್ತದೆ; ಎರಡೂ ಕಡೆ ಜೆಟ್ ಎಂಜಿನ್‌ಗಳು ಸೊರಗುತ್ತವೆ. ಆ ಸೊರಗುವಿಕೆಯನ್ನು ತಗ್ಗಿಸುವ ಉದ್ದೇಶವನ್ನು ವಿನ್ಯಾಸದ ಆರಂಭದಲ್ಲೇ ಇಟ್ಟುಕೊಂಡದ್ದು ಈ ಎಂಜಿನ್‌ನ ದೊಡ್ಡ ಗುಣ, ಏಕೆಂದರೆ ಪರದೇಶದ ಯಾವ ತಯಾರಕನೂ ನಮ್ಮ ಹವೆಯನ್ನು ತನ್ನ ಮೊದಲ ಚಿಂತೆಯಾಗಿ ಇಟ್ಟುಕೊಳ್ಳುವುದಿಲ್ಲ.

ಆದರೆ ಎಂಜಿನ್‌ನ ನಿಜವಾದ ಪರೀಕ್ಷೆ ನಡೆಯುವುದು ಅಂಕಿಗಳಲ್ಲಿ. ಆಫ್ಟರ್‌ಬರ್ನರ್ ಇಲ್ಲದೆ ಸುಮಾರು 52 ಕಿಲೋನ್ಯೂಟನ್, ಅದನ್ನು ಹೊತ್ತಿಸಿದಾಗ 81 ಕಿಲೋನ್ಯೂಟನ್ ನೂಕುಬಲ ಕೊಡಬೇಕೆಂಬುದು ಗುರಿಯಾಗಿತ್ತು. ಮೊದಲ ಸಂಖ್ಯೆಗೆ ಕಾವೇರಿ ಬಹಳ ಹತ್ತಿರ ಬಂತು. ಎರಡನೆಯದರಲ್ಲಿ ಅದು 70ರಿಂದ 75 ಕಿಲೋನ್ಯೂಟನ್‌ಗಳಲ್ಲಿಯೇ ನಿಂತಿತು. 1,100 ಕಿಲೋ ಇರಬೇಕಾಗಿದ್ದ ತೂಕವೂ 135 ಕಿಲೋ ಹೆಚ್ಚಾಯಿತು. ಯುದ್ಧವಿಮಾನದ ಎಂಜಿನ್‌ನಲ್ಲಿ ಈ ಎರಡು ಕೊರತೆಗಳು ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತವೆ: ತನ್ನ ತೂಕದ ಏಳೂವರೆ ಪಟ್ಟು ಬಲ ಕೊಡಬೇಕಾಗಿದ್ದ ಯಂತ್ರ ಆರು ಪಟ್ಟಿಗಿಂತ ತುಸು ಹೆಚ್ಚಿಗೆ ಇಳಿಯಿತು. ಈ ನಡುವೆ ತೇಜಸ್ ಕೂಡ ಮೊದಲ ಅಂದಾಜನ್ನು ಮೀರಿ ಬೆಳೆದು, ಅದರ ಖಾಲಿ ತೂಕ 5.5 ಟನ್ ಎಂದಿದ್ದದ್ದು ಸುಮಾರು 6.5 ಟನ್ ಆಯಿತು, ಮತ್ತು ವಾಯುಪಡೆಗೆ ಬೇಕಾದ ನೂಕುಬಲ 90ರಿಂದ 95 ಕಿಲೋನ್ಯೂಟನ್‌ಗೆ ಏರಿತು. ಕಾವೇರಿ ತನ್ನ ಮೂಲ ಗುರಿಯನ್ನು ಪೂರ್ತಿಯಾಗಿ ಮುಟ್ಟಿದ್ದರೂ ಆ ವಿಮಾನಕ್ಕೆ ಸಾಲುತ್ತಿರಲಿಲ್ಲವೆಂಬ ಸಂಗತಿಯನ್ನು, ಈ ಎಂಜಿನ್‌ಅನ್ನು ಸುಲಭವಾಗಿ ತೆಗಳುವವರು ಮರೆಯುತ್ತಾರೆ. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಿದ್ದು ಆ ಲೆಕ್ಕದ ಪ್ರಕಾರ ಸರಿಯಾದ ತೀರ್ಮಾನವೇ ಆಗಿತ್ತು.

ಕೊರತೆಯ ಬೇರು ಎಲ್ಲಿದೆಯೆಂದು ತಿಳಿಯಲು ಬೆರಳುದ್ದದ ಒಂದು ಟರ್ಬೈನ್ ಅಲಗನ್ನು ನೋಡಿದರೆ ಸಾಕು. ದಹನಕೋಷ್ಠದಿಂದ ಹೊರಬೀಳುವ ಅನಿಲದ ಶಾಖ 1,400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅಲಗು ಮಾಡಿದ ನಿಕಲ್ ಮಿಶ್ರಲೋಹವಾದರೋ ಅದಕ್ಕಿಂತ ಕಡಿಮೆ ಶಾಖದಲ್ಲೇ ಕರಗುತ್ತದೆ. ಹಾಗಿದ್ದೂ ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ, ತನ್ನನ್ನು ಹೊರಕ್ಕೆ ಎಳೆಯುವ ಹಲವು ಟನ್ ಬಲವನ್ನು ತಾಳುತ್ತ, ನೂರಾರು ಗಂಟೆ ಆಕಾರ ಕೆಡದೆ ಉಳಿಯಬೇಕು. ಇದು ಸಾಧ್ಯವಾಗುವುದು ಅಲಗಿನ ಒಡಲೊಳಗೆ ಕೂದಲೆಳೆಯಂಥ ದಾರಿಗಳನ್ನು ಕೊರೆದು ಕಂಪ್ರೆಸರ್‌ನ ಗಾಳಿಯನ್ನು ಹರಿಸಿ, ಮೇಲ್ಮೈಯಲ್ಲಿ ತಂಪು ಗಾಳಿಯ ತೆಳುಪದರವನ್ನು ಹೊದಿಸಿ, ಜೊತೆಗೆ ಲೋಹದ ಮೇಲೆ ಪಿಂಗಾಣಿಯಂಥ ಶಾಖನಿರೋಧಕ ಲೇಪನವನ್ನು ಕೊಟ್ಟಾಗ. ಇಷ್ಟರ ಮೇಲೆ ಲೋಹದ ಹರಳುಗಳ ನಡುವಿನ ಗಡಿಗಳೇ ಬಿರುಕಿಗೆ ದಾರಿಯಾಗುವುದರಿಂದ, ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುವ ವಿದ್ಯೆ ಬೇಕು. ಆ ವಿದ್ಯೆಯನ್ನು ಬಲ್ಲ ದೇಶಗಳು ಕೆಲವೇ, ಮತ್ತು ಅವು ಅದನ್ನು ಎಂಜಿನ್ ಮಾರುವಾಗಲೂ ಜೊತೆಗೆ ಕಟ್ಟಿಕೊಡುವುದಿಲ್ಲ. ಹೈದರಾಬಾದಿನ ಲೋಹ ಪ್ರಯೋಗಾಲಯವೂ ವಿಶೇಷ ಮಿಶ್ರಲೋಹಗಳನ್ನು ತಯಾರಿಸುವ ಮಿಧಾನಿ ಸಂಸ್ಥೆಯೂ ಈ ದಾರಿಯಲ್ಲಿ ನಡೆಸಿರುವ ದುಡಿಮೆಯನ್ನು ನಾನು ಬಹಳ ಗೌರವಿಸುತ್ತೇನೆ. ಆದರೆ ಎಂಜಿನ್‌ನ ವಿನ್ಯಾಸ ಮತ್ತು ಅದಕ್ಕೆ ಬೇಕಾದ ಲೋಹದ ಅಭಿವೃದ್ಧಿ ಒಂದೇ ಗಡಿಯಾರದ ಮೇಲೆ ಓಡಬೇಕಾಗಿ ಬಂದದ್ದು ಕಾವೇರಿಯ ಮೇಲೆ ಹೊರಿಸಿದ ಅತಿ ಭಾರವಾದ ಹೊರೆ.

ಪರೀಕ್ಷೆಯ ಸೌಕರ್ಯದ ಕಥೆಯೂ ಇದಕ್ಕಿಂತ ಹಗುರವಲ್ಲ. ಎತ್ತರದ ತೆಳು ಗಾಳಿಯಲ್ಲಿ ಎಂಜಿನ್ ಹೇಗೆ ನಡೆದುಕೊಳ್ಳುತ್ತದೆಂದು ನೋಡುವ ಕೋಣೆಯಾಗಲಿ, ಎಂಜಿನ್‌ಅನ್ನು ಹೊತ್ತು ಹಾರುವ ಪರೀಕ್ಷಾ ವಿಮಾನವಾಗಲಿ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಕಾವೇರಿಯನ್ನು ರಷ್ಯಾಕ್ಕೆ ಸಾಗಿಸಬೇಕಾಯಿತು. 2004ರಲ್ಲಿ ಅಲ್ಲಿ ನಡೆದ ಎತ್ತರದ ಪರೀಕ್ಷೆಯಲ್ಲಿ ಅದು ವಿಫಲವಾಯಿತು. 2010ರ ನವೆಂಬರ್‌ನಲ್ಲಿ ಮಾಸ್ಕೋ ಬಳಿಯ ಗ್ರೋಮೊವ್ ಸಂಸ್ಥೆಯ ಐಎಲ್-76 ವಿಮಾನಕ್ಕೆ ಜೋಡಿಸಿದಾಗ ಅದು ಮೊದಲ ಬಾರಿಗೆ ಆಕಾಶದಲ್ಲಿ ಉರಿಯಿತು, ಒಂದು ಗಂಟೆಗೂ ಹೆಚ್ಚು ಕಾಲ. ಮಂಜೂರಾತಿ ಸಿಕ್ಕಿದ್ದು 1989ರಲ್ಲಿ. ಇಪ್ಪತ್ತೊಂದು ವರ್ಷಗಳ ನಂತರದ ಆ ಒಂದು ಗಂಟೆಯನ್ನು ನೆನೆದಾಗಲೆಲ್ಲ ಸಂತೋಷ ಮತ್ತು ಸಂಕಟ ಎರಡೂ ಒಟ್ಟಿಗೆ ಬರುತ್ತವೆ. ಸಣ್ಣ ಮಾರ್ಪಾಡೊಂದನ್ನು ಪರೀಕ್ಷಿಸಲು ಕಡಲಾಚೆಗೆ ಸರದಿ ಕಾಯಬೇಕಾದ ವಿನ್ಯಾಸಕಾರನು, ವಾರಕ್ಕೊಮ್ಮೆ ತನ್ನ ಅಂಗಳದಲ್ಲೇ ಪರೀಕ್ಷಿಸಬಲ್ಲವನೊಡನೆ ಸ್ಪರ್ಧಿಸುವುದು ಹೇಗೆ?

ಖರ್ಚಿನ ವಿಚಾರವನ್ನು ಚಿಕ್ಕದಾಗಿಯೇ ಹೇಳುತ್ತೇನೆ. 382.81 ಕೋಟಿ ರೂಪಾಯಿಗೆ ಮಂಜೂರಾದ ಯೋಜನೆಯ ಅಂದಾಜು ಮುಂದೆ 2,839 ಕೋಟಿಗೆ ಪರಿಷ್ಕೃತವಾಯಿತು, ಮಹಾಲೇಖಪಾಲರು ಅದನ್ನು ಕಟುವಾಗಿ ಟೀಕಿಸಿದರು. ವಿಳಂಬದ ಕುರಿತು ಆ ಟೀಕೆ ನ್ಯಾಯವಾದದ್ದು. ಆದರೆ ತೇಜಸ್ ಮಾರ್ಕ್ 1ಎ ಗಾಗಿ ಅಮೆರಿಕದ 99 ಎಫ್404 ಎಂಜಿನ್‌ಗಳನ್ನು ಕೊಳ್ಳಲು 2021ರಲ್ಲಿ ಎಚ್‌ಎಎಲ್ ಮಾಡಿಕೊಂಡ ಒಪ್ಪಂದವೊಂದರ ಮೊತ್ತವೇ 5,375 ಕೋಟಿ ರೂಪಾಯಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಕಾವೇರಿಗೆ ಮೊದಲು ಮಂಜೂರಾದ ಮೊತ್ತ ಯುದ್ಧವಿಮಾನದ ಎಂಜಿನ್‌ಅನ್ನು ಸೊನ್ನೆಯಿಂದ ಕಟ್ಟಲು ತೀರ ಕಡಿಮೆಯಾಗಿತ್ತೆಂದೇ ನನ್ನ ಅಭಿಪ್ರಾಯ.

ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಫ್404-ಐಎನ್20 ಒಳ್ಳೆಯ ಎಂಜಿನ್ ಎಂಬುದರಲ್ಲಿ ಅನುಮಾನವಿಲ್ಲ. ಸುಮಾರು ಒಂದು ಟನ್ ತೂಗಿ ಸುಮಾರು 85 ಕಿಲೋನ್ಯೂಟನ್ ಕೊಡುವ ಅದು ತೇಜಸ್‌ಅನ್ನು ನಂಬಿಕೆಯಿಂದ ಹಾರಿಸುತ್ತಿದೆ. ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ 98 ಕಿಲೋನ್ಯೂಟನ್ ಕೊಡುವ ಎಫ್414 ಅನ್ನು ಮಾರ್ಕ್ 2 ಗಾಗಿ 2010ರಲ್ಲೇ ಆರಿಸಲಾಗಿದೆ. ಆದರೆ 2021ರ ಒಪ್ಪಂದದ ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ, ಏಕೆಂದರೆ ಬೇಡಿಕೆಯಿಲ್ಲದೆ ವರ್ಷಗಟ್ಟಲೆ ನಿಂತುಹೋಗಿದ್ದ ತಯಾರಿಕಾ ಸಾಲನ್ನು ಅಲ್ಲಿ ಹೊಸದಾಗಿ ಎಬ್ಬಿಸಬೇಕಾಗಿತ್ತು. ಅಷ್ಟು ಕಾಲ ನಮ್ಮ ವಿಮಾನಗಳ ಒಡಲು ಬೆಂಗಳೂರಿನಲ್ಲಿ ಎಂಜಿನ್‌ಗಾಗಿ ಕಾದು ಕೂತಿತ್ತು. ಇಂಥದೇ ನೋವನ್ನು ನಾವು ಹಿಂದೆಯೂ ಉಂಡಿದ್ದೇವೆ: ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಇದೇ ಊರಿನಲ್ಲಿ ರೂಪುಗೊಂಡು 1961ರಲ್ಲಿ ಹಾರಿದ ಮಾರುತ್, ಶಬ್ದದ ವೇಗವನ್ನು ಮೀರುವಂತೆ ಕಡೆದ ಸುಂದರವಾದ ವಿಮಾನ, ತಕ್ಕ ಎಂಜಿನ್ ಸಿಗದೆ ಆರ್ಫಿಯಸ್ 703 ರ ಸಣ್ಣ ಬಲದಲ್ಲೇ ತನ್ನ ಆಯುಷ್ಯವನ್ನು ಕಳೆಯಿತು.

ಹಾಗಾದರೆ ಕಾವೇರಿಯನ್ನು ಏನಕ್ಕೆ ಬಳಸಬಹುದು? ಪೈಲಟ್ ಇರುವ ಹಗುರ ಯುದ್ಧವಿಮಾನಕ್ಕೆ ಇಂದಿನ ರೂಪದಲ್ಲಿ ನಾನು ಇದನ್ನು ಶಿಫಾರಸು ಮಾಡಲಾರೆ. ಆಫ್ಟರ್‌ಬರ್ನರ್ ಬೇಡದ, ಪೈಲಟ್‌ರಹಿತ ದಾಳಿ ವಿಮಾನಕ್ಕೆ ಮಾತ್ರ ಇದರ ಒಣ ರೂಪ ಹೇಳಿ ಮಾಡಿಸಿದಂತಿದೆ, ಏಕೆಂದರೆ ಈ ಎಂಜಿನ್ ಗುರಿಗೆ ಅತಿ ಸಮೀಪ ಬಂದ ಭಾಗವೇ ಅದು; ಅಂಥ ವಿಮಾನ ಕಟ್ಟುವ ಘಾತಕ್ ಯೋಜನೆಗಾಗಿ ಆ ರೂಪವನ್ನು ಬೆಳೆಸುತ್ತಿರುವುದು ಸರಿಯಾದ ಹೆಜ್ಜೆ. ಎಎಮ್‌ಸಿಎ ಎಂಬ ಮುಂದಿನ ಪೀಳಿಗೆಯ ಯುದ್ಧವಿಮಾನಕ್ಕಾಗಿ ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ 120 ಕಿಲೋನ್ಯೂಟನ್ ವರ್ಗದ ಎಂಜಿನ್ ಕಟ್ಟುವ ಮಾತು ಈಗ ನಡೆದಿದೆ. ಆ ಒಪ್ಪಂದದ ಹಾಳೆಗಳಲ್ಲಿ ನಾನು ಮೊದಲು ಹುಡುಕುವುದು ನೂಕುಬಲದ ಅಂಕಿಯನ್ನಲ್ಲ; ಒಂದೇ ಹರಳಿನ ಅಲಗನ್ನು ಎರಕ ಹೊಯ್ಯುವ ಕುಲುಮೆ ಮತ್ತು ಎತ್ತರದ ಪರೀಕ್ಷೆಯ ಕೋಣೆ ಯಾವ ನೆಲದ ಮೇಲೆ ಎದ್ದು ನಿಲ್ಲುತ್ತವೆ ಎಂಬುದನ್ನು.