ಥಲಸ್ಸೀಮಿಯಾ ಮಕ್ಕಳಿಗಾಗಿ ಕಾಲೇಜು ಮಕ್ಕಳ ಆಹಾರ ಮೇಳ: ದಾವಣಗೆರೆಯಲ್ಲಿ ತಿಂದಿದ್ದು, ಕೊಟ್ಟಿದ್ದು, ನೋಡಿದ್ದು

ಕಳೆದ ಭಾನುವಾರ ನಮ್ಮ ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನ ಮೈದಾನದಲ್ಲಿ ಎನ್ನೆಸ್ಸೆಸ್ ಮಕ್ಕಳು ಆಹಾರ ಮೇಳ ಮಾಡಿದ್ದರು. ಉಳಿದ ಹಣವೆಲ್ಲ ಥಲಸ್ಸೀಮಿಯಾ, ಅಂದ್ರೆ ಮೈಯಲ್ಲಿ ರಕ್ತ ಸರಿಯಾಗಿ ಆಗದ ಹುಟ್ಟು ಕಾಯಿಲೆ, ಇರುವ ಮಕ್ಕಳ ಔಷಧಿಗೆ. ನಾನು ಗಿರಾಕಿಯಾಗಿಯೂ ಹೋಗಿದ್ದೆ, ಮೇಳಕ್ಕೆ ಅಕ್ಕಿ ಕೊಟ್ಟ ಅಂಗಡಿಯವಳಾಗಿಯೂ ಹೋಗಿದ್ದೆ. ಮಂಡಿಪೇಟೆಯಲ್ಲಿ ನಮ್ಮದು ದಿನಸಿ ಅಂಗಡಿ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಮೊದಲು ದೋಸೆ. ಬೆಣ್ಣೆ ದೋಸೆ ಊರಲ್ಲಿ ಬೆಣ್ಣೆ ದೋಸೆ ಸ್ಟಾಲ್ ಹಾಕೋದಕ್ಕೆ ಧೈರ್ಯ ಬೇಕು, ಯಾಕಂದ್ರೆ ಇಲ್ಲಿ ಎಲ್ಲರಿಗೂ ಅದರ ರುಚಿ ನಾಲಿಗೆ ಮೇಲೇ ಇರುತ್ತದೆ. ಮಕ್ಕಳು ಮಾಡಿದ್ದು ಚೆನ್ನಾಗಿತ್ತು. ಹಿಟ್ಟಿಗೆ ಮಂಡಕ್ಕಿ ಸರಿಯಾಗಿ ಬಿದ್ದಿತ್ತು, ಅಂಚು ಗರಿಗರಿ, ನಡುವೆ ಮೆತ್ತಗೆ. ಆಲೂಗಡ್ಡೆ ಪಲ್ಯ ಅರಿಶಿನ ಹಾಕದೆ ಬೆಳ್ಳಗೇ ಇತ್ತು, ಹಾಗೇ ಇರಬೇಕು ಕೂಡ. ಒಂದಕ್ಕೆ 50 ರೂಪಾಯಿ. ಆದರೆ ಎರಡೇ ಹಂಚು ಇಟ್ಟಿದ್ದರು, ನಾನು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬರುವಷ್ಟರಲ್ಲಿ ಚಟ್ನಿ ತೆಳ್ಳಗಾಗಿತ್ತು, ಹಿಂದಿನವರಿಗೆ ಅದೂ ಸಿಗಲಿಲ್ಲ. ಮಂಡಕ್ಕಿ ಮಿರ್ಚಿ ಸ್ಟಾಲ್‌ನಲ್ಲಿ ಸಾಲೇ ಇರಲಿಲ್ಲ. ನರ್ಗಿಸ್ ಮಂಡಕ್ಕಿಗೆ ಹುರಿಗಡಲೆ ಪುಡಿಯನ್ನು ಕೈಬಿಚ್ಚಿ ಹಾಕಿದ್ದರು, ಮಿರ್ಚಿ ಬಾಣಲೆಯಿಂದ ಸೀದಾ ಪ್ಲೇಟಿಗೆ. ಇಡೀ ಮೇಳದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಅದೇ. ಜೋಳದ ರೊಟ್ಟಿ ಗಟ್ಟಿಯಾಗಿತ್ತು. ಜ್ಯೂಸ್ ಬರೀ ಸಕ್ಕರೆ.

ಆದರೆ ನಾನು ಬರೆಯೋಕೆ ಕೂತಿದ್ದು ಊಟಕ್ಕಾಗಿ ಅಲ್ಲ. ಈ ಮಕ್ಕಳು ದುಡ್ಡು ಕೇಳಿದ ರೀತಿಗೆ, ಆಮೇಲೆ ಲೆಕ್ಕ ಕೊಟ್ಟ ರೀತಿಗೆ.

ಅಂಗಡಿ ಇಟ್ಟವರಿಗೆ ಗೊತ್ತಿರುತ್ತದೆ, ವರ್ಷಪೂರ್ತಿ ಯಾರಾದರೂ ಪಟ್ಟಿ, ಅಂದ್ರೆ ಚಂದಾ, ಕೇಳಲು ಬರುತ್ತಲೇ ಇರುತ್ತಾರೆ. ಗಣಪತಿ ಪಟ್ಟಿ, ರಾಜ್ಯೋತ್ಸವದ ಪಟ್ಟಿ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಅದಕ್ಕೆಲ್ಲ ನಾವು ಖುಷಿಯಿಂದಲೇ ಕೊಡುತ್ತೇವೆ. ಬೇಜಾರಾಗೋದು ಕಾಯಿಲೆ ಮಕ್ಕಳ ಹೆಸರು ಹೇಳಿ ತಗೊಂಡು ಹೋದವರು ತಿರುಗಿ ಮುಖ ತೋರಿಸದಿದ್ದಾಗ. ಮೂರು ವರ್ಷದ ಹಿಂದೆ ಬೇರೆ ಒಂದು ಕಾಲೇಜಿನವರು ಬಂದಿದ್ದರು. 5 ಸಾವಿರ ಕೊಟ್ಟೆವು. ದೊಡ್ಡ ಫ್ಲೆಕ್ಸ್‌ನಲ್ಲಿ ನಮ್ಮ ಅಂಗಡಿ ಹೆಸರು ಬಂತು, ಡಿಜೆ ಬಂತು, ಆಸ್ಪತ್ರೆಗೆ ಎಷ್ಟು ಹೋಯಿತು ಅಂತ ಎರಡು ಸಲ ಕೇಳಿದರೂ ಉತ್ತರ ಬರಲಿಲ್ಲ. ಆವತ್ತಿನಿಂದ ನಮ್ಮ ಮನೆಯವರು ಕಾಲೇಜು ಮಕ್ಕಳು ಅಂದ್ರೆ ಗಲ್ಲಾಪೆಟ್ಟಿಗೆ ಮುಚ್ಚಿಬಿಡುತ್ತಾರೆ.

ಈ ಸಲ ಬಂದವರು ನಾಲ್ಕು ಜನ, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಮೊದಲ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು. ಆ ಹೊತ್ತಿಗೆ ನಮ್ಮಲ್ಲಿ ಯಾರೂ ಕೈಯೆತ್ತಿ ಕೊಡಲ್ಲ, ಬೆಳಿಗ್ಗೆ ಬೋಣಿ ಆಗೋ ಮುಂಚೆಯೂ ಕೊಡಲ್ಲ. ಸಾಲುಸಾಲಾಗಿ ಏಳೆಂಟು ಅಂಗಡಿಗಳಲ್ಲಿ ಇಲ್ಲ ಅನ್ನಿಸಿಕೊಂಡು ಬಂದಿದ್ದರು, ಪಾಪ, ಮುಖ ಬಾಡಿತ್ತು. ನಾನೇ ಕೂರಿಸಿ ಹೇಳಿದೆ, ಮಧ್ಯಾಹ್ನ 3 ಗಂಟೆ ಮೇಲೆ ಬನ್ನಿ, ಆಗ ಗಿರಾಕಿ ಕಡಿಮೆ, ಯಜಮಾನರು ಊಟ ಮುಗಿಸಿ ಕೂತಿರುತ್ತಾರೆ, ಮಾತು ಕೇಳುತ್ತಾರೆ ಅಂತ. ಮರುದಿನ ಸರಿಯಾಗಿ 3ಕ್ಕೇ ಬಂದರು. ಮುಂದೆ ಯಾರಾದರೂ ಮಕ್ಕಳು ಪೇಟೆಗೆ ಪಟ್ಟಿಗೆ ಹೊರಟರೆ ಇದೊಂದು ನೆನಪಿಟ್ಟುಕೊಳ್ಳಿ, ಅಮಾವಾಸ್ಯೆ ದಿನವೂ ಬೇಡ.

ಅವರು ನಮ್ಮ ಹತ್ತಿರ ದುಡ್ಡು ಕೇಳಲಿಲ್ಲ. 'ಆಂಟಿ, ದೋಸೆ ಅಕ್ಕಿ 50 ಕೆಜಿ, ಉದ್ದಿನಬೇಳೆ 12 ಕೆಜಿ ಬೇಕು, ಎಷ್ಟಾಗುತ್ತೋ ಅಷ್ಟು ಕೊಡಿ' ಅಂದರು. ಮಂಡಕ್ಕಿ ಹುರಿಯುವ ಭಟ್ಟಿಯವರ ಹತ್ತಿರ ಮಂಡಕ್ಕಿ, ಎಣ್ಣೆ ಅಂಗಡಿಯಲ್ಲಿ ಎಣ್ಣೆ ಡಬ್ಬ, ಶಾಮಿಯಾನದವರ ಹತ್ತಿರ ಅರ್ಧ ಬಾಡಿಗೆ. ಯಾರ ಹತ್ತಿರ ಏನಿದೆಯೋ ಅದನ್ನೇ ಕೇಳಿದರು. ವ್ಯಾಪಾರಿಗೆ 3 ಸಾವಿರ ರೊಕ್ಕ ಕೊಡೋದಕ್ಕಿಂತ ಒಂದು ಮೂಟೆ ಎತ್ತಿ ಕೊಡೋದು ಸುಲಭ. ಆ ಮೂಟೆ ಎಲ್ಲಿಗೆ ಹೋಯಿತು ಅಂತ ಕಣ್ಣಿಗೂ ಕಾಣುತ್ತದೆ ಅಲ್ವಾ?

ಮೊದಲು ಅವರು ದೊಡ್ಡ ಕಂಪನಿಗಳಿಗೆ ಸಿಎಸ್‌ಆರ್ ಹಣ ಕೇಳಿ ಮೇಲ್ ಕಳಿಸಿ ಎರಡು ತಿಂಗಳು ಕಾದಿದ್ದರಂತೆ. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿಗಿಂತ ಜಾಸ್ತಿ ಲಾಭ ಮಾಡುವಂಥ ಕಂಪನಿಗಳು ಲಾಭದ ಸರಾಸರಿಯಲ್ಲಿ ನೂರಕ್ಕೆ 2ರಷ್ಟು ಸಮಾಜದ ಕೆಲಸಕ್ಕೆ ಇಡಬೇಕು ನಿಜ, ಆದರೆ ಆ ಹಣವನ್ನು ವಿದ್ಯಾರ್ಥಿಗಳ ಗುಂಪಿನ ಕೈಗೆ ಕೊಡೋ ಹಾಗಿಲ್ಲ, ಅದಕ್ಕೆಂದೇ ನೋಂದಣಿಯಾದ ಸಂಸ್ಥೆ ಬೇಕು. ಅದು ತಿಳಿದ ಮೇಲೆ ಮಂಡಿಪೇಟೆಗೆ ಬಂದರು. ಒಳ್ಳೆಯದೇ ಆಯಿತು.

ನನಗೆ ತುಂಬಾ ಮೆಚ್ಚುಗೆಯಾಗಿದ್ದು ಕ್ಯೂಆರ್ ಕೋಡ್. ಯಾವುದೋ ಹುಡುಗನ ಫೋನ್ ನಂಬರಿನದ್ದಲ್ಲ, ಮಕ್ಕಳ ಔಷಧಿ ನೋಡಿಕೊಳ್ಳುವ ಟ್ರಸ್ಟಿನ ಬ್ಯಾಂಕ್ ಖಾತೆಯದ್ದು. ಸ್ಕ್ಯಾನ್ ಮಾಡಿದ ಕೂಡಲೇ ಟ್ರಸ್ಟಿನ ಹೆಸರೇ ಬರುತ್ತಿತ್ತು. ರಶೀದಿ ಬಗ್ಗೆಯೂ ಮುಚ್ಚುಮರೆ ಇಲ್ಲ. ಸಾಮಾನು ಕೊಟ್ಟರೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ ಸಿಗಲ್ಲ, ನಗದಾದರೆ 2 ಸಾವಿರದ ಮೇಲೆ ಕೊಟ್ಟದ್ದಕ್ಕೆ ಸಿಗಲ್ಲ, ಹೊಸ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಅದು ಇಲ್ಲವೇ ಇಲ್ಲ ಅಂತ ಮುಂಚೆಯೇ ಹೇಳಿದರು. ಅಷ್ಟು ಹೇಳಿದ ಮೇಲೆ ನಮ್ಮ ಮನೆಯವರು ಒಂದು ಮಾತೂ ಆಡದೆ 50 ಕೆಜಿ ಅಕ್ಕಿ ತೂಗಿಸಿದರು. ಬೇಳೆ ಪಕ್ಕದ ಅಂಗಡಿಯವರದು.

ಥಲಸ್ಸೀಮಿಯಾ ನನಗೆ ಹೊಸ ಹೆಸರಲ್ಲ. ನಮ್ಮಲ್ಲಿ ಮೂಟೆ ಇಳಿಸುವ ಹಮಾಲರೊಬ್ಬರ ಮಗಳಿಗೆ ಅದೇ ಇದೆ. ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಅಂದ್ರೆ ವರ್ಷಕ್ಕೆ 17 ಸಲ. ರಕ್ತಕ್ಕೆ ದುಡ್ಡು ತಗೊಳ್ಳಲ್ಲ. ಆದರೆ ಏರಿಸುತ್ತಾ ಹೋದಂತೆ ಮೈಯಲ್ಲಿ ಕಬ್ಬಿಣದ ಅಂಶ ತುಂಬಿಕೊಂಡು ಹೃದಯ, ಲಿವರ್ ಹಾಳಾಗುತ್ತವೆ, ಅದನ್ನು ಇಳಿಸಲು ದಿನಾ ಮಾತ್ರೆ ಬೇಕು. ಜ್ವರ ಬರದಿರಲಿ ಅಂತ ರಕ್ತದಲ್ಲಿನ ಬಿಳಿ ಕಣ ಸೋಸುವ ಫಿಲ್ಟರ್ ಬೇರೆ, ಒಂದು ಸಲ ಬಳಸಿದ್ದು ಮತ್ತೆ ಬರಲ್ಲ. ಮೂರು ವಾರಕ್ಕೊಂದು ದಿನ ಅಪ್ಪನ ಕೂಲಿಯೂ ಹೋಗುತ್ತದೆ. ಮೇಳದ ಹಣ ಈ ಫಿಲ್ಟರಿಗೆ, ಮಾತ್ರೆಗೆ ಅಂತ ಕೇಳಿದಾಗ ನನ್ನ ಕಣ್ಣು ತುಂಬಿತು.

ಮೈದಾನದ ಬಾಗಿಲಲ್ಲೇ ಒಂದು ಮೇಜು ಇಟ್ಟು ಇದನ್ನೆಲ್ಲ ವಿವರಿಸುತ್ತಿದ್ದರು. ಅಪ್ಪ ಅಮ್ಮ ಇಬ್ಬರಲ್ಲೂ ಈ ಕಾಯಿಲೆಯ ಗುಣ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಅಂಥ ಅಪ್ಪ ಅಮ್ಮ ನೋಡೋಕೆ ಆರೋಗ್ಯವಾಗಿಯೇ ಇರುತ್ತಾರೆ, ಎಚ್‌ಬಿಎ2 ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗೋದು. ಮದುವೆಗೆ ಮುಂಚೆ ಜಾತಕದ ಜೊತೆ ಇದನ್ನೂ ನೋಡಿ ಅಂತ ಒಬ್ಬಳು ಹುಡುಗಿ ನಮ್ಮ ವಯಸ್ಸಿನ ಹೆಂಗಸರಿಗೆ ಹೇಳುತ್ತಿದ್ದಳು, ಎಲ್ಲರೂ ನಿಂತು ಕೇಳಿದರು. ಕೋಲ್ ಇಂಡಿಯಾ ಕಂಪನಿ ತನ್ನ ಸಿಎಸ್‌ಆರ್ ಹಣದಿಂದ ಈ ಕಾಯಿಲೆ ವಾಸಿ ಮಾಡಬಲ್ಲ ಅಸ್ಥಿಮಜ್ಜೆ ಕಸಿಗೆ 10 ಲಕ್ಷದವರೆಗೆ ಕೊಡುವ ಯೋಜನೆ 2017ರಿಂದ ಇದೆ, ಹೊಂದುವ ದಾನಿ ಸಿಗಬೇಕು, ಮಗುವಿನ ವಯಸ್ಸಿಗೆ, ಮನೆಯ ಆದಾಯಕ್ಕೆ ಮಿತಿಯೂ ಇದೆ ಅಂತಲೂ ಅಲ್ಲೇ ತಿಳಿಯಿತು. ನಮ್ಮ ಹಮಾಲರಿಗೆ ಇದನ್ನು ಇಷ್ಟು ದಿನ ಯಾರೂ ಹೇಳಿರಲಿಲ್ಲ!

ಸರಿಮಾಡಿಕೊಳ್ಳಬೇಕಾದ್ದು ಇದೆ. ಕೂಪನ್ ಉಳಿದರೆ ವಾಪಸ್ ಇಲ್ಲ ಅಂತ ಕೊನೆಯಲ್ಲಿ ಹೇಳಿದರು, ಅದನ್ನು ಕೌಂಟರಿನಲ್ಲೇ ಬರೆದು ಹಾಕಬೇಕಿತ್ತು. ನನ್ನ ಹತ್ತಿರ 40 ರೂಪಾಯಿಯದು ಉಳಿಯಿತು, ನನಗೆ ಪರವಾಗಿಲ್ಲ, ಆದರೆ ಮೂರು ಮಕ್ಕಳನ್ನು ಕರೆದುಕೊಂಡು ಬಂದಿದ್ದ ಒಬ್ಬ ತಾಯಿ ಬೇಜಾರು ಮಾಡಿಕೊಂಡು ಹೋದರು. ಕುಡಿಯುವ ನೀರು ಒಂದೇ ಮೂಲೆಯಲ್ಲಿ. ವಯಸ್ಸಾದವರಿಗೆ ಕುರ್ಚಿ ಸಾಲದು. ಮುಂದಿನ ಸಲ ಹಂಚು ನಾಲ್ಕಾದರೂ ಇರಲಿ, ಹೋಟೆಲಿನವರನ್ನು ಕೇಳಿದರೆ ಒಂದು ದಿನಕ್ಕೆ ಖಂಡಿತ ಕೊಡುತ್ತಾರೆ.

ಮೇಳ ಮುಗಿದ ನಾಲ್ಕನೇ ದಿನ, ಮತ್ತೆ ಅದೇ 3 ಗಂಟೆಗೆ, ಅದೇ ನಾಲ್ವರು ಅಂಗಡಿಗೆ ಬಂದರು. ಕೈಯಲ್ಲಿ ಒಂದು ಹಾಳೆ. ಒಟ್ಟು ಬಂದಿದ್ದು 1,42,600 ರೂಪಾಯಿ, ಖರ್ಚು 18,300, ಟ್ರಸ್ಟಿಗೆ ಸೇರಿದ್ದು 1,24,300. ಕೆಳಗೆ ಯಾವ ಅಂಗಡಿ ಏನು ಕೊಟ್ಟಿತು ಅಂತ ಸಾಲಾಗಿ, 10 ಕೆಜಿ ಈರುಳ್ಳಿ ಕೊಟ್ಟವರ ಹೆಸರೂ ಬಿಟ್ಟಿರಲಿಲ್ಲ. ನಮ್ಮ ಮನೆಯವರು ಅದನ್ನು ಎರಡು ಸಲ ಓದಿ ಗಲ್ಲಾಪೆಟ್ಟಿಗೆ ಹಿಂದಿನ ಗೋಡೆಗೆ ಅಂಟಿಸಿದರು. ಮುಂದಿನ ವರ್ಷ ಬೇಳೆಯನ್ನೂ ನಾವೇ ಕೊಡುತ್ತೇವೆ ಅಂತ ಅವರಿಗೆ ಹೇಳಿ ಕಳಿಸಿದ್ದೇವೆ.