ಡಿಎಬಿ ಪ್ಲಸ್ ರೇಡಿಯೊ: ವರ್ಷಗಟ್ಟಲೆ ಕೇಳಿದ ಮೇಲೆ

ಡಿಎಬಿ ಅಂದರೆ ಟ್ರಾನ್ಸ್‌ಮಿಟರ್‌ನಿಂದ ಡಿಜಿಟಲ್ ರೂಪದಲ್ಲಿ ಬರುವ ರೇಡಿಯೊ ಪ್ರಸಾರ, ಡಿಎಬಿ ಪ್ಲಸ್ ಅದರ ಹೊಸ ರೂಪ. ಕೊಂಡ ಮೊದಲ ವಾರದಲ್ಲಿ ಬರೆದ ವಿಮರ್ಶೆ ನೋಡಿದರೆ ಡಿಜಿಟಲ್ ರೇಡಿಯೊಗೆ ಯಾವಾಗಲೂ ಒಳ್ಳೆಯ ಅಂಕವೇ ಇರುತ್ತದೆ. ಇರಲೇಬೇಕು ಬಿಡಿ. ಪ್ಲಗ್ ಹಾಕಿದರೆ ಸಾಕು, ತಾನೇ ಸ್ಟೇಷನ್ ಹುಡುಕಿ ಹೆಸರಿನ ಪಟ್ಟಿ ಕೊಡುತ್ತದೆ. ಮುಳ್ಳು ತಿರುಗಿಸುವ ಕೆಲಸವಿಲ್ಲ, ಹಿಂದೆ ಸುಂಯ್ ಅನ್ನುವ ಸದ್ದೂ ಇಲ್ಲ. ಆದರೆ ರೇಡಿಯೊ ವಾರ ಕೇಳಿ ಎತ್ತಿಡುವ ವಸ್ತು ಅಲ್ಲವಲ್ಲ. ಕೋಣೆ ಬದಲಾದಾಗ, ದಾರಿಯಲ್ಲಿದ್ದಾಗ, ಕರೆಂಟ್ ಹೋದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನೋದು ಮುಖ್ಯ. ನಾನು ಬಳಸುವುದು ಮೇಜಿನ ಮೇಲಿಡುವ ಒಂದು ಸೆಟ್, ಬ್ಯಾಟರಿಯ ಒಂದು ಸಣ್ಣ ಸೆಟ್, ಕಾರಿನಲ್ಲೊಂದು. ಮೂರೂ ಬೇರೆ ಬೇರೆ ಕಂಪನಿಯವು. ದೂರು ಮಾತ್ರ ಒಂದೇ.

ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಇದು ಪೂರ್ತಿ ಸುಮ್ಮನಾಗಿಬಿಡುತ್ತದೆ. ಯಾಕೆ ಸುಮ್ಮನಾಯಿತು, ಯಾವ ಕಡೆ ಸರಿಸಿದರೆ ಮತ್ತೆ ಬರುತ್ತದೆ, ಯಾವುದನ್ನೂ ಹೇಳುವುದಿಲ್ಲ.

ಎಫ್‌ಎಂ ಹಾಗಲ್ಲ. ಸಿಗ್ನಲ್ ಕಡಿಮೆಯಾದರೆ ಮೊದಲು ಸ್ವಲ್ಪ ಸುಂಯ್ ಅನ್ನುತ್ತದೆ. ಬಹಳಷ್ಟು ಸೆಟ್‌ಗಳು ಆಗ ತಾವಾಗಿಯೇ ಸ್ಟೀರಿಯೊ ಬಿಟ್ಟು ಮೊನೊಗೆ ಇಳಿಯುತ್ತವೆ, ಗದ್ದಲ ಎಷ್ಟೋ ತಗ್ಗುತ್ತದೆ. ಇನ್ನೂ ಕಡಿಮೆಯಾದರೆ ಗರಗರ ಜಾಸ್ತಿ. ಆದರೂ ವಾರ್ತೆ ಓದುವವರ ಮಾತು ಅರ್ಥವಾಗುತ್ತಿರುತ್ತದೆ. ನಮ್ಮ ಕಿವಿಗೆ ಗದ್ದಲದ ನಡುವಿನಿಂದ ಮಾತು ಹೆಕ್ಕುವ ಶಕ್ತಿ ಚೆನ್ನಾಗಿಯೇ ಇದೆ. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದು. ಆ ಸುಂಯ್ ಸದ್ದೇ ನಮಗೆ ದಾರಿ ತೋರಿಸುತ್ತದೆ. ಆಂಟೆನಾ ಈ ಕಡೆ ವಾಲಿಸಿದರೆ ಸದ್ದು ಕಡಿಮೆ, ಆ ಕಡೆ ವಾಲಿಸಿದರೆ ಜಾಸ್ತಿ. ಕಣ್ಣು ಮುಚ್ಚಿಕೊಂಡೂ ಸರಿಯಾದ ಜಾಗ ಹುಡುಕಬಹುದು.

ಡಿಜಿಟಲ್ ಸೆಟ್‌ನಲ್ಲಿ ಹೀಗೆ ಹುಡುಕೋಕೆ ಹೋದರೆ ತಾಳ್ಮೆ ಕೆಡುತ್ತದೆ. ಆಂಟೆನಾ ಅಲುಗಿಸಿದ ಪರಿಣಾಮ ಆ ಕ್ಷಣಕ್ಕೆ ಕೇಳಿಸುವುದೇ ಇಲ್ಲ. ಇದಕ್ಕೆ ಕಾರಣ ತಂತ್ರಜ್ಞಾನದ ಒಳಗೇ ಇದೆ. ಡಿಎಬಿ ಪ್ರಸಾರದಲ್ಲಿ ಸುಮಾರು 1.5 ಮೆಗಾಹರ್ಟ್ಸ್ ಅಗಲದ ಒಂದು ಬ್ಲಾಕ್ ಇರುತ್ತದೆ. ಆ ಜಾಗದಲ್ಲಿ 1,536 ಸಣ್ಣ ಸಣ್ಣ ಅಲೆಗಳು ಅಕ್ಕಪಕ್ಕ ನಿಂತು ಹಲವು ಸ್ಟೇಷನ್‌ಗಳ ದತ್ತಾಂಶವನ್ನು ಒಟ್ಟಿಗೆ ಹೊತ್ತು ತರುತ್ತವೆ. ಇದಕ್ಕೇ ಮಲ್ಟಿಪ್ಲೆಕ್ಸ್ ಅನ್ನುವುದು. ಮಧ್ಯೆ ಒಂದಿಷ್ಟು ಹಾಳಾದರೂ ಸರಿಪಡಿಸಲು ಆಗಲಿ ಅಂತ ಆ ದತ್ತಾಂಶವನ್ನು 384 ಮಿಲಿಸೆಕೆಂಡಿನಷ್ಟು ಕಾಲಕ್ಕೆ ಹರಡಿ ಕಳಿಸುತ್ತಾರೆ. ಸೆಟ್ ಅದನ್ನೆಲ್ಲ ಕೂಡಿಸಬೇಕು, ತಪ್ಪು ತಿದ್ದಬೇಕು, ಬಿಚ್ಚಬೇಕು, ಆಮೇಲೆ ಸ್ಪೀಕರ್‌ಗೆ ಕೊಡಬೇಕು. ತಪ್ಪು ತಿದ್ದುವ ಶಕ್ತಿ ಇರುವ ತನಕ ಧ್ವನಿ ಅಚ್ಚುಕಟ್ಟು. ಆ ಗಡಿ ದಾಟಿದ ಮೇಲೆ ಏನೂ ಇಲ್ಲ. ನೀವು ಕೇಳುತ್ತಿರುವ ಅಚ್ಚುಕಟ್ಟಾದ ಧ್ವನಿ ಗಡಿಯಿಂದ ಎಷ್ಟು ದೂರದಲ್ಲಿದೆ ಅಂತ ಕಿವಿಗೆ ತಿಳಿಯುವ ದಾರಿಯೇ ಇಲ್ಲ. ಮೆಟ್ಟಿಲಿಲ್ಲದ ಮಹಡಿಯ ಅಂಚಿನಲ್ಲಿ ಕತ್ತಲಲ್ಲಿ ನಡೆದ ಹಾಗೆ.

ಹಳೆಯ ಡಿಎಬಿಯಲ್ಲಿ ಇಷ್ಟು ಒರಟುತನ ಇರಲಿಲ್ಲ. ಅದರಲ್ಲಿ ಸಿಗ್ನಲ್ ಕೆಟ್ಟಾಗ ನೀರೊಳಗಿಂದ ಮಾತಾಡಿದಂಥ ಗುಳುಗುಳು ಸದ್ದು ಬರುತ್ತಿತ್ತು. ಕೇಳೋಕೆ ಹಿಂಸೆ, ಆದರೆ ಸೂಚನೆಯಂತೂ ಸಿಗುತ್ತಿತ್ತು. ಪ್ಲಸ್ ಬಂದ ಮೇಲೆ ಅದೂ ಹೋಯಿತು. ಅದರಲ್ಲಿ ಶಬ್ದ 120 ಮಿಲಿಸೆಕೆಂಡಿನ ತುಂಡುಗಳಾಗಿ ಬರುತ್ತದೆ. ತಿದ್ದಲಾಗದಷ್ಟು ಕೆಟ್ಟರೆ ಆ ಭಾಗ ಸುಮ್ನೆ ಮಾಯ. ಒಂದು ವಾಕ್ಯದ ಅರ್ಧ, ಆಮೇಲೆ ಮೌನ, ಆಮೇಲೆ ಇನ್ನೊಂದು ವಾಕ್ಯದ ಬಾಲ. ಗರಗರ ಅನ್ನುವ ಎಫ್‌ಎಂನಲ್ಲಿ ಒಂದು ಗಂಟೆಯ ಮಾತುಕತೆ ಪೂರ್ತಿ ಕೇಳಬಲ್ಲೆ. ಹೀಗೆ ತುಂಡಾಗುವ ಡಿಜಿಟಲ್‌ನಲ್ಲಿ ಐದು ನಿಮಿಷ ಕೂರುವುದೂ ಕಷ್ಟ.

ಆಂಟೆನಾ ಬಗ್ಗೆ ಒಂದು ಮಾತು. ಇದನ್ನು ಸೆಟ್ ಜೊತೆ ಬರುವ ಪುಸ್ತಿಕೆಯಲ್ಲಿ ಯಾರೂ ಬಿಡಿಸಿ ಬರೆಯುವುದಿಲ್ಲ. ಎಳೆದು ಉದ್ದ ಮಾಡುವ ಕಡ್ಡಿಯನ್ನು ಪೂರ್ತಿ ಎಳೆಯುವುದು ನಮ್ಮೆಲ್ಲರ ಅಭ್ಯಾಸ, ಅಲ್ವಾ? 100 ಮೆಗಾಹರ್ಟ್ಸ್ ಆಸುಪಾಸಿನ ಎಫ್‌ಎಂಗೆ ಅದು ಸರಿ, ಅಲ್ಲಿ ಕಡ್ಡಿಗೆ ಬೇಕಾದ ಉದ್ದ, ಅಂದರೆ ಒಂದು ಅಲೆಯ ಉದ್ದದ ಕಾಲು ಭಾಗ, ಸುಮಾರು 75 ಸೆಂಟಿಮೀಟರ್. ಡಿಎಬಿ ಇರುವುದು 174ರಿಂದ 240 ಮೆಗಾಹರ್ಟ್ಸ್ ನಡುವೆ. ಅಲ್ಲಿಗೆ 35-40 ಸೆಂಟಿಮೀಟರ್ ಸಾಕು. ಇನ್ನೊಂದು, ಡಿಎಬಿ ಅಲೆಗಳು ಸಾಮಾನ್ಯವಾಗಿ ಲಂಬ ದಿಕ್ಕಿನಲ್ಲಿ ಕಂಪಿಸುತ್ತವೆ. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಓರೆಯಾಗಿ ಮಲಗಿಸಬೇಡಿ. ಇಷ್ಟು ಮಾಡಿದ್ದಕ್ಕೇ ನನ್ನ ಮೇಜಿನ ಸೆಟ್‌ನಲ್ಲಿ ಆಗಾಗ ಬಿದ್ದುಹೋಗುತ್ತಿದ್ದ ಎರಡು ಸ್ಟೇಷನ್ ಕಡಿಯದೆ ಕೇಳಿಸತೊಡಗಿದವು.

ಮನೆಯೊಳಗಿನ ಶತ್ರುಗಳೂ ಕಡಿಮೆಯೇನಲ್ಲ. ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಲ್ಯಾಪ್‌ಟಾಪ್ ಅಡಾಪ್ಟರ್ ಇವೆಲ್ಲ ರೇಡಿಯೊ ಅಲೆಗಳ ಜಾಗದಲ್ಲಿ ಗದ್ದಲ ಎಬ್ಬಿಸಬಲ್ಲವು. ಎಫ್‌ಎಂನಲ್ಲಾದರೆ ದೀಪ ಹಾಕಿದ ಕೂಡಲೇ ಕರಕರ ಅನ್ನುತ್ತದೆ, ಕಳ್ಳ ಯಾರೆಂದು ಗೊತ್ತಾಗುತ್ತದೆ. ಡಿಜಿಟಲ್‌ನಲ್ಲಿ ದೀಪ ಹಾಕಿ ಎಷ್ಟೋ ಹೊತ್ತಾದ ಮೇಲೆ ಧ್ವನಿ ಕಡಿಯಲು ಶುರುವಾಗಬಹುದು. ದೀಪಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತದೆ? ಕಿಟಕಿ ಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪನ ಇದ್ದರೆ, ಗೋಡೆಯಲ್ಲಿ ಕಬ್ಬಿಣದ ಸರಳು ಜಾಸ್ತಿ ಇದ್ದರೆ ಕಷ್ಟ ಇನ್ನೂ ಹೆಚ್ಚು.

ಕಾರಿನಲ್ಲಿ ನನ್ನ ಅನುಭವ ಎರಡು ಬಗೆ. ಟ್ರಾನ್ಸ್‌ಮಿಟರ್‌ಗಳು ಒತ್ತಾಗಿರುವ ಹೆದ್ದಾರಿಯಲ್ಲಿ ಇದಕ್ಕೆ ಎಫ್‌ಎಂ ಸಾಟಿಯೇ ಅಲ್ಲ. ಹಲವು ಟ್ರಾನ್ಸ್‌ಮಿಟರ್‌ಗಳು ಒಂದೇ ತರಂಗಾಂತರದಲ್ಲಿ ಪ್ರಸಾರ ಮಾಡುತ್ತವೆ. ಅವುಗಳ ಸಿಗ್ನಲ್ ಸೆಟ್‌ಗೆ ಬಂದು ಮುಟ್ಟುವ ಸಮಯದ ಅಂತರ 246 ಮೈಕ್ರೋಸೆಕೆಂಡಿನ ಒಳಗಿದ್ದರೆ, ಅಂದರೆ ದಾರಿಯ ವ್ಯತ್ಯಾಸ ಸುಮಾರು 74 ಕಿಲೋಮೀಟರ್ ಒಳಗಿದ್ದರೆ, ಎರಡೂ ಕಡೆಯ ಸಿಗ್ನಲ್ ಜಗಳವಾಡದೆ ಒಂದಕ್ಕೊಂದು ನೆರವಾಗುತ್ತವೆ. ಕಟ್ಟಡಕ್ಕೆ ಬಡಿದು ಮರಳಿ ಬರುವ ಅಲೆಯೂ ಹಾಗೇ. ಎಫ್‌ಎಂನಲ್ಲಿ ಧ್ವನಿ ಕೆಡಿಸುತ್ತಿದ್ದ ಆ ಪ್ರತಿಫಲನ ಇಲ್ಲಿ ಕೆಲಸಕ್ಕೆ ಬರುತ್ತದೆ. ಇದನ್ನು ರೂಪಿಸಿದ ಎಂಜಿನಿಯರ್‌ಗಳ ಬಗ್ಗೆ ನನಗೆ ನಿಜವಾದ ಗೌರವ ಇದೆ. ಆದರೆ ಗುಡ್ಡದ ತಿರುವು, ಸೇತುವೆಯ ಕೆಳಭಾಗ, ಸುರಂಗ ಬಂದರೆ ಕಥೆ ಬೇರೆ. ಎಫ್‌ಎಂ ಆಚೆ ಬಂದ ಕ್ಷಣವೇ ಮಾತಾಡುತ್ತದೆ. ಇದು ಮತ್ತೆ ಸಿಗ್ನಲ್ ಹಿಡಿದು ಲೆಕ್ಕ ಹಾಕಿಕೊಳ್ಳುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ. ಸೆಟ್ ತಾನೇ ಎಫ್‌ಎಂಗೆ ಹಾರುವ ಸೌಲಭ್ಯ ಇದೆ, ಆದರೆ ಡಿಜಿಟಲ್ ಕೆಲವು ಸೆಕೆಂಡು ಹಿಂದೆ ಓಡುವುದರಿಂದ ಹಾರಿದಾಗೆಲ್ಲ ಮಾತು ತಪ್ಪಿಹೋಗುತ್ತದೆ ಅಥವಾ ಎರಡು ಸಲ ಕೇಳಿಸುತ್ತದೆ.

ಈ ಹಿಂದುಳಿಯುವಿಕೆ ಮನೆಯಲ್ಲೂ ಕಾಡುತ್ತದೆ. ಗಂಟೆಯ ಬೀಪ್ ಕೇಳಿ ಗಡಿಯಾರ ಸರಿಮಾಡಿದರೆ ಕೆಲವು ಸೆಕೆಂಡು ತಪ್ಪು. ಎರಡು ಕೋಣೆಯಲ್ಲಿ ಎರಡು ಸೆಟ್ ಹಾಕಿದರೆ ಒಂದರ ಹಿಂದೆ ಒಂದು ಪ್ರತಿಧ್ವನಿ. ಪ್ರತಿ ಕಂಪನಿಯ ಸೆಟ್ ತನ್ನದೇ ವೇಗದಲ್ಲಿ ಬಿಚ್ಚುತ್ತದೆ.

ಬ್ಯಾಟರಿ ವಿಷಯ: ಒಂದೇ ಸೆಟ್‌ನಲ್ಲಿ ಎಫ್‌ಎಂ ಹಾಕಿದರೆ ಡಿಎಬಿಗಿಂತ ಎಷ್ಟೋ ಹೊತ್ತು ಜಾಸ್ತಿ ನಡೆಯುತ್ತದೆ. ಲೆಕ್ಕ ಮಾಡುವ ಚಿಪ್‌ಗೆ ಕರೆಂಟ್ ಬೇಕಲ್ಲ. ಹತ್ತಿರದ ಮೀಡಿಯಂ ವೇವ್ ಸ್ಟೇಷನ್ ಕೇಳಲು ಬ್ಯಾಟರಿಯೇ ಬೇಡದ ಕ್ರಿಸ್ಟಲ್ ಸೆಟ್ ಸಾಕಾಗುತ್ತಿತ್ತು. ಪ್ರವಾಹ, ಬಿರುಗಾಳಿಯಂಥ ಹೊತ್ತಲ್ಲಿ ಇದು ಸಣ್ಣ ವಿಷಯವೇ ಅಲ್ಲ.

ಧ್ವನಿಯ ಗುಣಮಟ್ಟ ಸ್ಟೇಷನ್ ಮೇಲೆ ನಿಂತಿದೆ. ಪ್ಲಸ್‌ನ ಹೊಸ ಕೋಡೆಕ್, ಅಂದರೆ ಧ್ವನಿಯನ್ನು ಅಡಕಗೊಳಿಸಿ ಮತ್ತೆ ಬಿಚ್ಚುವ ವಿಧಾನ, ಚೆನ್ನಾಗಿದೆ. ಆದರೆ ಒಂದೇ ಮಲ್ಟಿಪ್ಲೆಕ್ಸ್‌ಗೆ ಇನ್ನಷ್ಟು ಸ್ಟೇಷನ್ ತುಂಬುವ ಆಸೆಗೆ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ದತ್ತಾಂಶದ ಪ್ರಮಾಣ) ಇಳಿಸಿದರೆ ಸಂಗೀತ ಸಪ್ಪೆಯಾಗುತ್ತದೆ, ತಾಳದ ಸದ್ದು ಚೂರುಚೂರು. ಬರೀ ಮಾತಿಗಾದರೆ ತೊಂದರೆಯಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇದೆ. ಹಳೆಯದನ್ನು ಮುಚ್ಚುವ ಕೆಲಸ ಆಗಲೇ ಶುರುವಾಗಿದೆ. ನಾರ್ವೆ 2017ರಲ್ಲಿ ರಾಷ್ಟ್ರೀಯ ಚಾನೆಲ್‌ಗಳ ಎಫ್‌ಎಂ ಪ್ರಸಾರ ನಿಲ್ಲಿಸಿತು. ಸ್ವಿಟ್ಜರ್ಲೆಂಡ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಗೆ ಅದನ್ನೇ ಮಾಡಿತು. ಯುರೋಪಿಯನ್ ಒಕ್ಕೂಟದಲ್ಲಿ 2020ರ ಕೊನೆಯಿಂದ ರೇಡಿಯೊ ಇರುವ ಹೊಸ ಕಾರುಗಳಲ್ಲಿ ಡಿಜಿಟಲ್ ಕಡ್ಡಾಯ. ಹೊಸದು ಬರಲಿ, ನನಗೂ ಬೇಕು. ಹಳೆಯದನ್ನು ಕಿತ್ತುಹಾಕುವ ಮುಂಚೆ ಮನೆಯ ಒಳಕೋಣೆಯಲ್ಲಿ ಕೂತವರಿಗೂ ಹೊಸದು ಕೇಳಿಸುತ್ತದೆಯೇ ಅಂತ ನೋಡಬೇಕು. ಟ್ರಾನ್ಸ್‌ಮಿಟರ್ ನಕ್ಷೆಯಲ್ಲಿ ಬಣ್ಣ ತುಂಬಿದರೆ ಅಷ್ಟಕ್ಕೇ ಕೇಳಿಸಿದಂತಲ್ಲ.

5ಕ್ಕೆ 3 ಅಂಕ ಕೊಡುತ್ತೇನೆ. ಸಿಗ್ನಲ್ ಗಟ್ಟಿ ಇರುವ ಕಡೆ 4 ಕೊಡಬಹುದಿತ್ತು.

ಕೊಳ್ಳುವವರು ಎಫ್‌ಎಂ ಕೂಡ ಇರುವ ಸೆಟ್ಟನ್ನೇ ತೆಗೆದುಕೊಳ್ಳಿ. ಡಿಎಬಿ ಮಾತ್ರ ಇರುವ ಹಳೆಯ ಸೆಟ್‌ಗಳಲ್ಲಿ ಪ್ಲಸ್ ಸ್ಟೇಷನ್‌ಗಳು ಬರುವುದಿಲ್ಲ, ಬಳಸಿದ ಸೆಟ್ ಕೊಳ್ಳುವಾಗ ಇದನ್ನು ನೋಡಿ. ಹೊರಗಿನ ಆಂಟೆನಾಕ್ಕೆ ತೂತು ಇದೆಯೇ ವಿಚಾರಿಸಿ. ಮೆನುವಿನಲ್ಲಿ ಸಿಗ್ನಲ್ ಗುಣಮಟ್ಟ ಅಥವಾ ತಪ್ಪಿನ ಪ್ರಮಾಣ ತೋರಿಸುವ ಪರದೆ ಇದ್ದರೆ ಅಂಥದ್ದಕ್ಕೇ ಮೊದಲ ಮಣೆ ಹಾಕಿ. ಎಫ್‌ಎಂನಲ್ಲಿ ಕಿವಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಪರದೆಯೊಂದೇ ಮಾಡಬಲ್ಲದು. ತಯಾರಕರು ಅದನ್ನು ಐದು ಗುಂಡಿ ಒತ್ತಿದ ಮೇಲೆ ಸಿಗುವ ಮೂಲೆಯಲ್ಲಿ ಬಚ್ಚಿಡುವುದನ್ನು ಬಿಟ್ಟು ಸ್ಟೇಷನ್ ಹೆಸರಿನ ಪಕ್ಕದಲ್ಲೇ ಸದಾ ಕಾಣುವಂತೆ ಇಡಬೇಕು. ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಸೆಟ್ಟನ್ನು ನೀವು ನಿಜವಾಗಿ ಕೇಳುವ ಕೋಣೆಯಲ್ಲೇ, ರಾತ್ರಿ ಎಲ್ಲ ದೀಪಗಳೂ ಉರಿಯುವ ಹೊತ್ತಿನಲ್ಲಿ ಇಟ್ಟು ಪರೀಕ್ಷಿಸಿ. ಸ್ಟೇಷನ್ ಇದ್ದಕ್ಕಿದ್ದಂತೆ ಕಾಣೆಯಾದರೆ ಒಮ್ಮೆ ಪೂರ್ತಿ ಸ್ಕ್ಯಾನ್ ಮಾಡಿ, ಅದು ಬೇರೆ ಮಲ್ಟಿಪ್ಲೆಕ್ಸ್‌ಗೆ ಹೋಗಿರಬಹುದು.