ಹಿಂಚ್‌ಲಿಫ್ 25 ಮಿ.ಮೀ. ಸೈನಿಕರು: ಹಳೆಯ ಎರಕ ಕೊಳ್ಳುವಾಗ

1970ರ ದಶಕದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ತಯಾರಾದ ಹಿಂಚ್‌ಲಿಫ್ ಕಂಪನಿಯ ಪುಟ್ಟ ಸೀಸದ ಸೈನಿಕರಷ್ಟು ಜೀವಂತಿಕೆ ಇರುವ ವಾರ್‌ಗೇಮ್ (ಮೇಜಿನ ಮೇಲೆ ಆಡುವ ಯುದ್ಧದಾಟ) ಬೊಂಬೆಗಳು ಅಪರೂಪ. ಪೀಟರ್ ಗಿಲ್ಡರ್ ರೂಪಿಸಿದ ನೆಪೋಲಿಯನ್ ಕಾಲದ ಪಡೆಯಲ್ಲಂತೂ ಹೆಜ್ಜೆಯ ಬಿರುಸು, ಮೈಯ ತಿರುವು ಎದ್ದು ಕಾಣುತ್ತವೆ. ಮುಖಗಳು ಸ್ವಲ್ಪ ಸಪ್ಪೆ. ಬಣ್ಣ ಹಚ್ಚುವಾಗ ಹುಬ್ಬು, ಮೂಗಿನ ನೆರಳನ್ನು ನಾವೇ ಗಾಢ ಮಾಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಪೀಠದ ಅಡಿಭಾಗದ ಫೋಟೋ ಕೇಳಿ. ಅಸಲಿ ಬೊಂಬೆಯಿಂದಲೇ ಅಚ್ಚು ತೆಗೆದು ಹೊಯ್ದ ನಕಲು ತುಸು ಕುಗ್ಗಿರುತ್ತದೆ, ಗುಂಡಿ, ಪಟ್ಟಿಗಳ ಅಂಚು ಮಸುಕಾಗಿರುತ್ತದೆ. ಬೂದು-ಬಿಳಿ ಪುಡಿ ಕಂಡರೆ ಅದು ಸೀಸದ ಕೊಳೆತ, ಅಂದರೆ ಲೋಹವೇ ಸವೆದು ಪುಡಿಯಾಗುವುದು; ಅಂಥದ್ದನ್ನು ಕೊಳ್ಳದೆ ಬಿಟ್ಟುಬಿಡಿ. ಓಕ್ ಮರದ ಕಪಾಟು ಬಿಡುವ ಆಮ್ಲದ ಆವಿಯಿಂದಲೂ ಅದು ಹುಟ್ಟುತ್ತದೆ. ಕುದುರೆ, ಸವಾರ ಬೇರೆ ಬೇರೆ ಎರಕ. ಎರಡೂ ಇವೆಯೇ ಎಂದು ಖಚಿತಪಡಿಸಿಕೊಳ್ಳಿ.

ಹಳೆಯ ಬಣ್ಣ ತೆಗೆಯಲು ನೀರು ಬೆರೆಸದ ಡೆಟಾಲ್‌ನಲ್ಲಿ ಒಂದು ರಾತ್ರಿ ನೆನೆಸಿ, ಕೈಗವಸು ಹಾಕಿಕೊಂಡು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ. ಮೊದಲೇ ನೀರು ತಾಗಿಸಿದರೆ ಕರಗಿದ ಬಣ್ಣ ಗೋಂದಿನಂತೆ ಅಂಟಿ ಮಡಿಕೆಗಳಲ್ಲಿ ಕೂರುತ್ತದೆ. ಹಾಗಾಗಿ ಮೊದಲ ತೊಳೆತವೂ ಡೆಟಾಲ್‌ನಲ್ಲೇ ಆಗಲಿ, ಸೋಪುನೀರು ಆಮೇಲೆ. ಬಾಗಿದ ಬಯೊನೆಟ್ಟನ್ನು ಒಂದೇ ಸಲ ನಿಧಾನವಾಗಿ ನೆಟ್ಟಗೆ ಮಾಡಿ; ಹಿಂದೆ ಮುಂದೆ ಬಗ್ಗಿಸಿದರೆ ಬುಡದಲ್ಲೇ ಮುರಿಯುತ್ತದೆ. ಅರ ಹಾಕುವಾಗ ಒದ್ದೆ ಮಾಡಿಕೊಳ್ಳಿ, ಸೀಸದ ಧೂಳು ಉಸಿರಿಗೆ ಹೋಗಬಾರದು.

ಈಗಿನ 28 ಮಿ.ಮೀ. ಬೊಂಬೆಗಳ ಪಕ್ಕದಲ್ಲಿ ಇವು ತೆಳ್ಳಗೆ, ಕುಳ್ಳಗೆ ಕಾಣುತ್ತವೆ. ಒಂದೇ ತುಕಡಿಯಲ್ಲಿ ಬೆರೆಸಬೇಡಿ.